ಆ ಕಪ್ಪು ಚೌಕದ ಹಿಂದೆ ಯಾರ ಹೊಲ?

ಹೋದ ಸಂಚಿಕೆಯಲ್ಲಿ ದ್ರಾಕ್ಷಿ ತೋಟದ ಡೈರಿ, ಅಂದರೆ ಔಷಧಿ ಹೊಡೆದ ಲೆಕ್ಕ ಬರೆದಿಡುವ ಪುಸ್ತಕದ ಬಗ್ಗೆ ಎರಡು ಸಾಲು ಬರೆದಿದ್ದೆ. ಹೊರದೇಶಕ್ಕೆ ಹೋಗುವ ಡಬ್ಬದ ಮೇಲಿನ ಕೋಡ್ ನನ್ನ ಡೈರಿಯವರೆಗೂ ಬಂದು ನಿಲ್ಲುತ್ತೆ ಎಂದಿದ್ದೆ. ಅಷ್ಟಕ್ಕೇ ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕೂ ಜಾಸ್ತಿ ಕ್ಯೂಆರ್ ಕೋಡ್ ಮೇಲೆಯೇ. ಮೊದಲೇ ಹೇಳಿಬಿಡುತ್ತೇನೆ, ನಾನು ಎಂಜಿನಿಯರ್ ಅಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಊರಿಗೆ ಸೊಸೆಯಾಗಿ ಬಂದವಳು. ಮಾವನವರಿಗೆ ಕಣ್ಣು ಮಂಜಾದ ಮೇಲೆ ತೋಟದ ಡೈರಿ ನನ್ನ ಕೈಗೆ ಬಂತು. ಅದನ್ನು ಬರೆಯುತ್ತ ಕಲಿತದ್ದೇ ನನ್ನ ವಿದ್ಯೆ. ಅಷ್ಟರಲ್ಲಿ ಉತ್ತರ ಹೇಳುತ್ತೇನೆ.

ಮೇಡಂ, ಸೂಪರ್ ಮಾರ್ಕೆಟ್‌ನಿಂದ ತೊಗರಿಬೇಳೆ ತಂದೆ. ಪ್ಯಾಕೆಟ್ ಮೇಲಿನ ಕೋಡ್ ಸ್ಕ್ಯಾನ್ ಮಾಡಿದರೆ ರುಮಾಲು ಸುತ್ತಿದ ಅಜ್ಜ ಒಬ್ಬರು ನಗುತ್ತಿರುವ ಫೋಟೊ ಬಂತು. ಕೆಳಗೆ ‘ಕಲಬುರಗಿ ಜಿಲ್ಲೆಯ ನಿಮ್ಮ ರೈತ’ ಅಂತ ಇತ್ತು. ಖುಷಿಯಾಯಿತು. ಮೂರು ತಿಂಗಳಾದ ಮೇಲೆ ಇನ್ನೊಂದು ಪ್ಯಾಕೆಟ್ ತಂದೆ. ಅದರಲ್ಲೂ ಅವರೇ ನಗುತ್ತಿದ್ದರು. ನಂಬಬಹುದಾ?
— ಗೃಹಿಣಿ, ಬಸವನಗುಡಿ, ಬೆಂಗಳೂರು

ಆ ಅಜ್ಜನಿಗೆ ಹೊಲ ಎಷ್ಟಿರಬೇಕು ಹೇಳಿ! ಮಳೆ ನಂಬಿದ ತೊಗರಿ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ ನಮ್ಮ ಕಡೆ ಪುಣ್ಯ ಅನ್ನುತ್ತಾರೆ. ಬೆಂಗಳೂರಿನ ಅಂಗಡಿಗಳಿಗೆ ಮೂರು ತಿಂಗಳು ಒಬ್ಬರೇ ಬೇಳೆ ಕಳಿಸಬೇಕಾದರೆ ಅವರ ಹೊಲ ಅರ್ಧ ತಾಲ್ಲೂಕು ಹಿಡಿಯಬೇಕು.

ತಮಾಷೆ ಬಿಡಿ, ಇಲ್ಲಿ ಒಂದು ವಿಷಯ ತಿಳಿದರೆ ಉಳಿದದ್ದೆಲ್ಲ ತಿಳಿದ ಹಾಗೆ. ಯಾವ ಮಾಲಾದರೂ ಸರಿ, ಹೊಲದಿಂದ ನಿಮ್ಮ ಅಡುಗೆಮನೆಗೆ ಬರುವ ದಾರಿಯಲ್ಲಿ ಅದು ಎಲ್ಲಿ ಬೆರೆಯುತ್ತೆ ಅಂತ ನೋಡಿ. ತೊಗರಿ ದಾಲ್‌ಮಿಲ್‌ನಲ್ಲಿ ಬೆರೆಯುತ್ತೆ. ಹತ್ತಾರು ಊರಿನ ಚೀಲ ಒಂದೇ ರಾಶಿಗೆ ಬೀಳುತ್ತೆ. ಎಣ್ಣೆ ಸವರಿ, ಒಣಗಿಸಿ, ಒಡೆದ ಮೇಲೆ ಯಾವ ಬೇಳೆ ಯಾರದು ಅಂತ ದೇವರೂ ಹೇಳಲಾರ. ಹಾಲು ಇನ್ನೂ ಬೇಗ ಬೆರೆಯುತ್ತೆ. ನಮ್ಮ ಎಮ್ಮೆಯ ಕಿವಿಯಲ್ಲಿ ಹಳದಿ ಓಲೆ ಇದೆ, ಅದರ ಮೇಲೆ 12 ಅಂಕಿಯ ನಂಬರೂ ಇದೆ. ಆದರೆ ಬೆಳಿಗ್ಗೆ ಆರೂವರೆಗೆ ಸಂಘದ ಕ್ಯಾನಿಗೆ ಸುರಿದ ಕೂಡಲೇ ಆ ನಂಬರು ಹಾಲಿನ ಮಟ್ಟಿಗೆ ಮುಗಿಯಿತು. ದ್ರಾಕ್ಷಿ, ದಾಳಿಂಬೆ, ಮಾವು ಹಾಗಲ್ಲ. ಗೊಂಚಲು ಗೊಂಚಲಾಗಿಯೇ ಇರುತ್ತೆ. ಒಂದು ಡಬ್ಬ ಒಂದು ತೋಟದ್ದು ಅಂತ ಕೊನೆಯವರೆಗೂ ಹೇಳಬಹುದು.

ಹಾಗಾಗಿ ಬೇಳೆಯ ಕೋಡ್ ಪ್ರಾಮಾಣಿಕವಾಗಿದ್ದರೆ ‘ಈ ಲಾಟ್ ಈ ಮಿಲ್ಲಿನಲ್ಲಿ ಈ ದಿನ ಒಡೆದದ್ದು, ಈ ಸಂಘದ ಇಷ್ಟು ರೈತರಿಂದ ಬಂದದ್ದು’ ಅನ್ನುವಷ್ಟಕ್ಕೆ ನಿಲ್ಲಬೇಕು. ಒಬ್ಬರೇ ಅಜ್ಜ ನಕ್ಕರೆ ಅದು ಜಾಹೀರಾತು. ಅಜ್ಜ ನಿಜವಾಗಿಯೂ ತೊಗರಿ ಬೆಳೆಯುವವರೇ ಇರಬಹುದು. ಆದರೆ ನಿಮ್ಮ ಕುಕ್ಕರಿನಲ್ಲಿ ಬೆಂದದ್ದು ಅವರದ್ದೇ ಅನ್ನಲು ಆಗಲ್ಲ.

ಪರೀಕ್ಷೆ ಸುಲಭ. ಪ್ಯಾಕೆಟ್ ಮೇಲೆ ಬ್ಯಾಚ್ ಅಥವಾ ಲಾಟ್ ನಂಬರ್ ಅಚ್ಚಾಗಿರುತ್ತೆ. ಬೇರೆ ಬೇರೆ ಲಾಟ್‌ನ ಎರಡು ಪ್ಯಾಕೆಟ್ ಸ್ಕ್ಯಾನ್ ಮಾಡಿ. ಎರಡಕ್ಕೂ ಒಂದೇ ಪುಟ ತೆರೆದರೆ ಆ ಕೋಡ್‌ಗೆ ನಿಮ್ಮ ಪ್ಯಾಕೆಟ್‌ನ ಗುರುತೇ ಇಲ್ಲ ಅಂತ ಅರ್ಥ. ಬೇರೆ ಪುಟ ಬಂದು, ಅದರಲ್ಲಿ ಅದೇ ಲಾಟ್ ನಂಬರ್, ಕಟಾವಿನ ತಾರೀಖು, ಊರಿನ ಹೆಸರು ಇದ್ದರೆ ಅಲ್ಲಿ ಯಾರೋ ಕೂತು ಬರೆದಿದ್ದಾರೆ ಅಂತ ತಿಳಿಯಿರಿ.

ಇನ್ನೊಂದು, ಪ್ಯಾಕೆಟ್ ಮೇಲೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಸಂಸ್ಥೆಯ ಗುರುತಿನ ಕೆಳಗೆ 14 ಅಂಕಿ ಇರುತ್ತೆ. 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ಸಣ್ಣವರ ನೋಂದಣಿ. ಅದನ್ನು ಅವರ ವೆಬ್‌ಸೈಟಿನಲ್ಲಿ ಹಾಕಿದರೆ ಯಾವ ಕಂಪನಿ, ಯಾವ ಊರು ಅಂತ ಬರುತ್ತೆ. ಅಜ್ಜನ ಫೋಟೊಗಿಂತ ಆ 14 ಅಂಕಿ ನಿಮಗೆ ಜಾಸ್ತಿ ಕೆಲಸಕ್ಕೆ ಬರುತ್ತೆ. ಏನಾದರೂ ಹೆಚ್ಚುಕಮ್ಮಿಯಾದರೆ ಹಿಡಿದು ಕೇಳಲು ಒಂದು ವಿಳಾಸ ಬೇಕಲ್ವಾ?

ಅಕ್ಕಾ, ನಾನು ಜಮಖಂಡಿ ಕಡೆಯವ, ಬಿ.ಎಸ್ಸಿ. ಕೃಷಿ ಓದುತ್ತಿದ್ದೇನೆ. ಕ್ಲಾಸಿನಲ್ಲಿ ಗ್ರೇಪ್‌ನೆಟ್ ಅಂತ ಒಂದು ಪ್ಯಾರಾ ಬರೆಸಿದರು. ಪರೀಕ್ಷೆಗೆ ಅಷ್ಟು ಸಾಕು. ಆದರೆ ತೋಟದಲ್ಲಿ ಅದು ಹೇಗೆ ನಡೆಯುತ್ತೆ, ನೀವು ಹೇಳಿ.
— ವಿದ್ಯಾರ್ಥಿ, ಧಾರವಾಡ

ತಮ್ಮಾ, ನಿಮ್ಮ ಪ್ಯಾರಾದಲ್ಲಿ ಇದ್ದದ್ದು ಬಹುಶಃ ಇಷ್ಟು. 2003ರಲ್ಲಿ ನೆದರ್‌ಲ್ಯಾಂಡ್ಸ್‌ಗೆ ಹೋದ ನಮ್ಮ ದೇಶದ ದ್ರಾಕ್ಷಿಯಲ್ಲಿ ಮೆಥೊಮಿಲ್ ಅನ್ನುವ ಕೀಟನಾಶಕದ ಉಳಿಕೆ ಸಿಕ್ಕಿತು. ದೊಡ್ಡ ಗದ್ದಲವಾಯಿತು. ಆಮೇಲೆ 2006ರಲ್ಲಿ ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆ ಅಪೇಡಾ ಗ್ರೇಪ್‌ನೆಟ್ ಶುರು ಮಾಡಿತು. ಯುರೋಪಿಗೆ ಹೋಗುವ ದ್ರಾಕ್ಷಿ ಯಾವ ಪ್ಲಾಟಿನದು ಅಂತ ಕಂಪ್ಯೂಟರಿನಲ್ಲಿ ಹಿಂದಕ್ಕೆ ಹೋಗಿ ನೋಡುವ ಏರ್ಪಾಡು ಅದು. ನಮ್ಮ ದೇಶದಲ್ಲಿ ಹಣ್ಣಿಗೆ ಇಂಥದ್ದು ಬಂದದ್ದು ಅದೇ ಮೊದಲು.

ಈಗ ತೋಟಕ್ಕೆ ಬನ್ನಿ. ಮೊದಲು ಉತಾರ (ಪಹಣಿ) ಹಿಡಿದು ತೋಟಗಾರಿಕೆ ಇಲಾಖೆಗೆ ಹೋಗಿ ಪ್ಲಾಟ್ ನೋಂದಣಿ ಮಾಡಿಸಬೇಕು. ರೈತನಿಗಲ್ಲ, ಪ್ಲಾಟಿಗೆ ನಂಬರ್ ಸಿಗೋದು. ನಮ್ಮದು ಎರಡು ಕಡೆ ತೋಟ ಇದೆ, ಎರಡಕ್ಕೂ ಬೇರೆ ನಂಬರು. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಆದ ದಿನದಿಂದ ಡೈರಿ ಶುರು. ಯಾವ ದಿನ ಯಾವ ಔಷಧಿ ಹೊಡೆದೆವು, ಎಷ್ಟು ಲೀಟರ್ ನೀರಿಗೆ ಎಷ್ಟು, ಯಾಕೆ ಹೊಡೆದೆವು, ಎಲ್ಲ ಬರೆಯಬೇಕು. ಪ್ರತಿ ಔಷಧಿಗೂ ಕಟಾವಿಗೆ ಮುಂಚೆ ಇಷ್ಟು ದಿನ ಕಾಯಬೇಕು ಅಂತ ಲೆಕ್ಕ ಇದೆ. ಆ ಪಟ್ಟಿ ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಿಂದ ಬರುತ್ತೆ. ನಮ್ಮ ಅಡುಗೆಮನೆಯ ಕ್ಯಾಲೆಂಡರ್ ಪಕ್ಕವೇ ಅದನ್ನು ಅಂಟಿಸಿದ್ದೇನೆ. ಏಕಾದಶಿ ನೋಡುವಾಗ ಅದೂ ಕಣ್ಣಿಗೆ ಬೀಳಲಿ ಅಂತ.

ಕಟಾವಿಗೆ ಮುಂಚೆ ಲ್ಯಾಬಿನವರು ತೋಟಕ್ಕೇ ಬರುತ್ತಾರೆ. ನಾವು ಆರಿಸಿ ಕೊಟ್ಟ ಗೊಂಚಲು ಅವರು ಮುಟ್ಟಲ್ಲ. ತೋಟದ ಬೇರೆ ಬೇರೆ ಸಾಲಿನಲ್ಲಿ ತಾವೇ ಕತ್ತರಿಸಿ, ಚೀಲಕ್ಕೆ ಹಾಕಿ ಸೀಲ್ ಮಾಡುತ್ತಾರೆ. ವರದಿ ನೇರವಾಗಿ ಕಂಪ್ಯೂಟರಿಗೆ ಹೋಗುತ್ತೆ. ಪಾಸಾದರೆ ಆ ಪ್ಲಾಟಿನ ಬಾಗಿಲು ತೆರೆಯಿತು. ಪ್ಯಾಕ್‌ಹೌಸ್, ಅಗ್‌ಮಾರ್ಕ್ ತಪಾಸಣೆ, ರೋಗ ಕೀಟ ಇಲ್ಲ ಅನ್ನುವ ಸರ್ಟಿಫಿಕೇಟು, ಎಲ್ಲದರಲ್ಲೂ ಅದೇ ಪ್ಲಾಟ್ ನಂಬರ್ ಹಿಂಬಾಲಿಸುತ್ತೆ. ಫೇಲಾದರೆ ಅಲ್ಲಿಗೇ ಬೀಗ.

ನಮಗೆ ಒಂದು ವರ್ಷ ಆ ಬೀಗ ಬಿತ್ತು. ಅದನ್ನೂ ಹೇಳುತ್ತೇನೆ. ನಿಮ್ಮ ಪ್ಯಾರಾದಲ್ಲಿ ಇದು ಇರಲ್ಲ.

ಜನವರಿ ತಿಂಗಳು. ಬೂದಿ ರೋಗಕ್ಕೆ ಗಂಧಕ ಹೊಡೆಯಬೇಕಿತ್ತು. ಔಷಧಿ ಹೊಡೆಯುವ ನಮ್ಮ ಬ್ಲೋವರ್ ಕೈಕೊಟ್ಟಿತು. ಮನೆಯವರು ಪಕ್ಕದ ದಾಳಿಂಬೆ ತೋಟದವರಿಂದ ಬ್ಲೋವರ್ ತಂದು ಹೊಡೆದರು. ನಾನು ಡೈರಿಯಲ್ಲಿ ತಾರೀಖು, ಗಂಧಕ, ನೀರಿನ ಲೆಕ್ಕ ಎಲ್ಲ ಸರಿಯಾಗಿ ಬರೆದೆ. ಒಂದಕ್ಷರ ಸುಳ್ಳಿಲ್ಲ. ಲ್ಯಾಬಿನ ವರದಿಯಲ್ಲಿ ನಾವು ಕೊಂಡೇ ಇರದ ಒಂದು ಕೀಟನಾಶಕ ಬಂತು. ಮೂರು ದಿನ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಮಾವನವರೇ ಕೇಳಿದರು, “ಆ ಟ್ಯಾಂಕು ತೊಳದೇನೋ?” ತೊಳೆದಿರಲಿಲ್ಲ. ತಳದಲ್ಲಿ ಉಳಿದಿದ್ದ ಎರಡು ಲೋಟದಷ್ಟು ಔಷಧಿ ಸಾಕಾಯಿತು.

ಸಾಕಾಗದೆ ಇರುತ್ತಾ? ಮಿತಿ ಬೇರೆ ಗೊತ್ತುಮಾಡದ ಔಷಧಿಗೆ ಯುರೋಪಿನವರು ಇಟ್ಟ ಗೆರೆ ಕಿಲೋಗೆ 0.01 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿ. 10 ಟನ್ ದ್ರಾಕ್ಷಿ ತುಂಬಿದ ಲಾರಿಯಲ್ಲಿ ಒಂದು ಗ್ರಾಂನ ಹತ್ತನೇ ಒಂದು ಪಾಲು. ಚಿಟಿಕೆ ಉಪ್ಪಿಗಿಂತ ಕಡಿಮೆ.

ಡೈರಿಯಲ್ಲಿ ಬ್ಲೋವರ್ ಯಾರದು ಅಂತ ಬರೆಯಲು ಕಾಲಂ ಇರಲಿಲ್ಲ. ಈಗ ನಾನೇ ಪೆನ್ಸಿಲಿನಲ್ಲಿ ಒಂದು ಕಾಲಂ ಎಳೆದುಕೊಂಡಿದ್ದೇನೆ: ‘ಟ್ಯಾಂಕು ತೊಳೆದವರು’. ಕೆಳಗೆ ಮನೆಯವರ ಸಹಿ. ಅವರಿಗೆ ಅದನ್ನು ಕಂಡರೆ ಆಗಲ್ಲ, ಆದರೂ ಹಾಕುತ್ತಾರೆ.

2010ರದ್ದೂ ಓದಿಕೊಳ್ಳಿ. ಆ ವರ್ಷ ನಂಬರ್ ಸರಿ, ಡೈರಿ ಸರಿ, ಲ್ಯಾಬ್ ಪರೀಕ್ಷೆಯೂ ಪಾಸು. ಆದರೂ ಯುರೋಪಿನಲ್ಲಿ ಕಂಟೇನರ್‌ಗಳು ನಿಂತವು. ಕಾರಣ ಕ್ಲೋರ್‌ಮೆಕ್ವಾಟ್ ಕ್ಲೋರೈಡ್, ನಮ್ಮವರ ಬಾಯಲ್ಲಿ ಸಿಸಿಸಿ. ಏಪ್ರಿಲ್ ಚಾಟ್ನಿ ಆದ ಮೇಲೆ ಬಳ್ಳಿಯ ಸೊಕ್ಕು ಇಳಿಸಲು ಅದನ್ನು ಕೊಡುವ ರೂಢಿ ಇತ್ತು. ನಮ್ಮ ಕಡೆ ಪರೀಕ್ಷೆ ಮಾಡುವ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಕೇಳದ ಪ್ರಶ್ನೆಗೆ ಕಂಪ್ಯೂಟರ್ ಏನು ಉತ್ತರ ಕೊಟ್ಟೀತು? ಮರುವರ್ಷದಿಂದ ಪಟ್ಟಿಗೆ ಸೇರಿತು, ಸರಿ. ಆದರೆ ಆ ವರ್ಷ ಕೈ ಸುಟ್ಟುಕೊಂಡವರು ಸುಟ್ಟುಕೊಂಡರು.

ಅಕ್ಕ, ಸಕಲೇಶಪುರ ತಾಲ್ಲೂಕಿನ ಸಣ್ಣ ಬೆಳೆಗಾರ ನಾನು. ಆರು ಎಕರೆ ರೊಬಸ್ಟಾ. ಕಾಫಿ ಕೊಳ್ಳುವವರು ಬಂದು ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಲೊಕೇಶನ್ ತೆಗೆದುಕೊಂಡು ಹೋದರು. ಪಹಣಿ ಕೇಳುತ್ತಿದ್ದಾರೆ. ಯುರೋಪಿನವರಿಗೆ ಬೇಕಂತೆ. ಮರಗಸಿ ಮಾಡಿದರೂ, ಅಂದರೆ ನೆರಳಿನ ಮರದ ಕೊಂಬೆ ಸವರಿದರೂ, ಕಾಡು ಕಡಿದ ಹಾಗೆ ಅಂತ ಊರಲ್ಲಿ ಮಾತು. ಹೌದಾ?
— ಬೆಳೆಗಾರರು, ಹಾಸನ ಜಿಲ್ಲೆ

ದ್ರಾಕ್ಷಿಯವಳಿಗೆ ಕಾಫಿ ಪ್ರಶ್ನೆ! ಆದರೂ ಇದು ನಮ್ಮ ಪ್ಲಾಟ್ ನಂಬರಿನ ತಂಗಿಯೇ, ಹಾಗಾಗಿ ಸ್ವಲ್ಪ ಓದಿಕೊಂಡು ಹೇಳುತ್ತಿದ್ದೇನೆ.

ಯುರೋಪಿನ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. ಕಾಫಿ, ಕೋಕೊ, ರಬ್ಬರ್, ತಾಳೆ ಎಣ್ಣೆ, ಸೋಯಾ, ದನ, ಮರ, ಈ ಏಳು ಅಲ್ಲಿಗೆ ಹೋಗಬೇಕಾದರೆ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದಿರಬಾರದು. ಅದನ್ನು ತೋರಿಸಲು ಬೆಳೆದ ಜಾಗದ ಗುರುತು ಬೇಕು. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ. ಹಾಗಾಗಿ ಬೇಡ ಅಂತ ಕೂತರೆ ನಡೆಯಲ್ಲ. ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಗಿದೆ. ಈಗ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30 ಅಂತ ಇದೆ.

ನಾಲ್ಕು ಹೆಕ್ಟೇರಿಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ, ದೊಡ್ಡ ತೋಟವಾದರೆ ಗಡಿಯ ಸುತ್ತಲಿನ ಗೆರೆ ಕೊಡಬೇಕು. ನಿಮ್ಮದು ಆರು ಎಕರೆ, ಒಂದು ಬಿಂದು ಸಾಕು. ಅಕ್ಷಾಂಶ ರೇಖಾಂಶದಲ್ಲಿ ದಶಮಾಂಶದ ನಂತರ ಆರು ಅಂಕಿ ಇರಬೇಕು. ಆರನೇ ಅಂಕಿ ಅಂದರೆ ಒಂದು ಗೇಣಿಗಿಂತ ಕಮ್ಮಿ ಜಾಗ, ಒಂದು ಗಿಡದ ಬುಡ ತೋರಿಸಬಹುದು. (ನಮ್ಮ ಫೋನಿನ ಜಿಪಿಎಸ್ಸೇ ಐದಾರು ಮೀಟರ್ ಆಚೀಚೆ ಓಡಾಡುತ್ತಿರುತ್ತೆ, ಆ ಮಾತು ಬೇರೆ.) ಗೇಟಿನ ಹತ್ತಿರ ತೆಗೆದ ಬಿಂದು ರಸ್ತೆಯ ಮೇಲೋ ಪಕ್ಕದವರ ಗದ್ದೆಯ ಮೇಲೋ ಬೀಳಬಹುದು. ಇನ್ನೊಮ್ಮೆ ತೋಟದ ನಡುವೆ ನಿಂತು ನೀವೇ ತೆಗೆಯಿರಿ. ಅದನ್ನು ಬರೆದಿಟ್ಟುಕೊಳ್ಳಿ.

ಮರಗಸಿ ಮಾತು ಸುಳ್ಳು. ಅವರು ಕೇಳುತ್ತಿರುವುದು ಕಾಡನ್ನು ತೋಟ ಮಾಡಿದ್ದೀರಾ ಅಂತ. ಮೊದಲಿನಿಂದ ತೋಟವೇ ಆಗಿರುವ ಜಾಗದಲ್ಲಿ ನೆರಳಿನ ಮರದ ಕೊಂಬೆ ಕಡಿದರೂ, ಸಿಲ್ವರ್ ಓಕ್ ಮಾರಿದರೂ, ಅದು ತೋಟವಾಗಿಯೇ ಉಳಿಯುತ್ತೆ. ಮರ ಕಡಿಯಲು ನಮ್ಮ ಅರಣ್ಯ ಇಲಾಖೆಯ ನಿಯಮ ಏನಿದೆಯೋ ಅದು ಇದ್ದೇ ಇದೆ, ಅದು ಮೊದಲೂ ಇತ್ತು.

ಆದರೆ ಒಂದು ಕಷ್ಟದ ಮಾತಿದೆ. ಊರಲ್ಲಿ ಯಾರೂ ಗಟ್ಟಿಯಾಗಿ ಆಡದ ಮಾತು. ಆ ಕಾನೂನು ಕಾಡಿನ ಜೊತೆಗೆ ಜಮೀನಿನ ಹಕ್ಕನ್ನೂ ಕೇಳುತ್ತೆ. ಬೆಳೆದ ದೇಶದ ಕಾನೂನಿಗೆ ಸರಿಯಾಗಿ ಬೆಳೆದಿರಬೇಕು ಅನ್ನುತ್ತೆ. ಮಲೆನಾಡಿನಲ್ಲಿ ಪಹಣಿಯ ಆರು ಎಕರೆ ಪಕ್ಕ ಒತ್ತುವರಿಯ ಎರಡು ಎಕರೆ ಇರುವ ತೋಟ ಎಷ್ಟು ಅಂತ ನನಗಿಂತ ನಿಮಗೇ ಗೊತ್ತು. ಬಿಂದು ಕೊಡುವಾಗ ಅದು ಪಹಣಿಯ ಜಾಗದೊಳಗೆ ಬೀಳಲಿ. ಕಾಫಿಯನ್ನೂ ಬೇರೆ ಇಡಿ ಅಂತಲೇ ಹೇಳುತ್ತೇನೆ. ಅಲ್ಲಿ ಬೆರೆಸಿ ಲೆಕ್ಕ ಹೊಂದಿಸುವುದಕ್ಕೆ ಅವಕಾಶವಿಲ್ಲ. ಒಂದು ಕಂಟೇನರಿನಲ್ಲಿ ಗುರುತಿಲ್ಲದ ಹತ್ತು ಮೂಟೆ ಸೇರಿದರೂ ಇಡೀ ಕಂಟೇನರೇ ಸಿಕ್ಕಿಕೊಳ್ಳುತ್ತೆ.

ಕಾಫಿ ಬೋರ್ಡ್‌ನವರೇ ಬೆಳೆಗಾರರ ನೋಂದಣಿ ಮಾಡುತ್ತಿದ್ದಾರೆ. ಅವರ ಕಚೇರಿಗೆ ಹೋಗಿ ಮಾಡಿಸಿ. ಕೊಳ್ಳುವವರಿಗೆ ಪಹಣಿ ನಕಲು ಕೊಡುವುದಾದರೆ ಅದರ ಮೇಲೆ ಅಡ್ಡಲಾಗಿ ‘ಈ ಸಾಲಿನ ಕಾಫಿ ಮಾರಾಟಕ್ಕೆ ಮಾತ್ರ’ ಅಂತ ಬರೆದು ಕೊಡಿ. ಫೋನಿಗೆ ಬಂದ ಓಟಿಪಿ ಯಾರಿಗೂ ಹೇಳಬೇಡಿ. ಬಿಲ್ಲಿನಲ್ಲಿ ಎಷ್ಟು ಚೀಲ ಅಂತ ಬರೆಸಿ, ಇಟ್ಟುಕೊಳ್ಳಿ. ನಿಮ್ಮ ಆರು ಎಕರೆಯ ಬಿಂದು ತೋರಿಸಿ ಬೇರೆಯವರ ಅರವತ್ತು ಎಕರೆಯ ಕಾಫಿ ಸಾಗಬಾರದು ನೋಡಿ. ಹಾಗಾದರೆ ನಾಳೆ ಪ್ರಶ್ನೆ ಬರುವುದು ನಿಮಗೆ.

ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದ್ದು ಅಂತ ವಾಟ್ಸಾಪಿನಲ್ಲಿ ಬಂದಿದೆ. ಸೇಬಿನ ಮೇಲಿನ ಸ್ಟಿಕ್ಕರಿನ ನಂಬರಿಗೂ ಏನೋ ಗುಟ್ಟಿದೆಯಂತೆ.
— ನಿವೃತ್ತ ಶಿಕ್ಷಕರು, ದಾವಣಗೆರೆ

ಸರ್, 890 ಅಂದರೆ ಆ ಕಂಪನಿ ಬಾರ್‌ಕೋಡ್ ನಂಬರ್ ಕೊಡುವ ಭಾರತದ ಜಿಎಸ್1 ಸಂಸ್ಥೆಯಲ್ಲಿ ನಂಬರ್ ಪಡೆದಿದೆ ಅಂತ ಅಷ್ಟೇ. ಒಳಗಿನ ಮಾಲು ಎಲ್ಲಿಯದಾದರೂ ಆಗಿರಬಹುದು. ಸೇಬಿನ ಮೇಲಿನ ನಾಲ್ಕಂಕಿ ಅಂಗಡಿಯಲ್ಲಿ ಬಿಲ್ ಹಾಕುವವರಿಗೆ. ಬಾಳೆಹಣ್ಣಿಗೆ 4011. ಮುಂದೆ 9 ಸೇರಿ ಐದಂಕಿಯಾದರೆ ಸಾವಯವ ಅಂತ ಹೇಳಿಕೊಂಡಿದ್ದಾರೆ ಎಂದರ್ಥ. ಆದರೆ ಸ್ಟಿಕ್ಕರ್ ರೋಲ್ ಸಂತೆಯಲ್ಲೂ ಸಿಗುತ್ತೆ ಅನ್ನುವುದು ನೆನಪಿರಲಿ. ಹಣ್ಣು ತೊಳೆಯುವ ಮೊದಲು ಕಿತ್ತುಹಾಕಿ, ಅಷ್ಟು ಸಾಕು.

ಆಂಟಿ, ಕ್ಯೂಆರ್ ಕೋಡ್‌ನಲ್ಲಿ ಮೂರು ಮೂಲೆಗೆ ಮಾತ್ರ ದೊಡ್ಡ ಚೌಕ ಯಾಕೆ? ನಾಲ್ಕನೇ ಮೂಲೆಗೆ ಯಾಕಿಲ್ಲ?
— ಏಳನೇ ತರಗತಿ, ಶಿರಸಿ

ಭೇಷ್! ಈ ಸಲದ ಕಾಗದಗಳಲ್ಲಿ ನನಗೆ ಹಿಡಿಸಿದ ಪ್ರಶ್ನೆ ಇದು. ಫೋನನ್ನು ಹೇಗೆ ತಿರುಗಿಸಿ ಹಿಡಿದರೂ ಅದಕ್ಕೆ ‘ಇದರ ತಲೆ ಯಾವ ಕಡೆ’ ಅಂತ ಗೊತ್ತಾಗಬೇಕಲ್ಲ. ನಾಲ್ಕೂ ಮೂಲೆ ಒಂದೇ ತರ ಇದ್ದರೆ ಗೊತ್ತಾಗಲ್ಲ. ಚೌಕ ಇಲ್ಲದ ಮೂಲೆ ನೋಡಿ ಅದು ದಿಕ್ಕು ಹಿಡಿಯುತ್ತೆ. ಇದನ್ನು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಅನ್ನುವವರ ತಂಡ ಮಾಡಿತು, ಕಾರಿನ ಬಿಡಿಭಾಗ ಎಣಿಸಲು. ಆ ಮೂಲೆಯ ಚೌಕಕ್ಕೆ ಅಡ್ಡ ಒಂದು ಗೆರೆ ಎಳೆ. ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು. ಅಳತೆ 1, 1, 3, 1, 1. ಪತ್ರಿಕೆ, ರಟ್ಟಿನ ಡಬ್ಬ ಎಲ್ಲದರ ಮೇಲಿನ ಅಚ್ಚು ನೋಡಿ ನೋಡಿ, ಯಾವ ಅಳತೆ ಎಲ್ಲೂ ಸುಲಭಕ್ಕೆ ಸಿಗಲ್ಲವೋ ಅದನ್ನು ಆರಿಸಿದರಂತೆ. ಒಂದಿಷ್ಟು ಹರಿದರೂ ಓದಬಹುದು. ಬಹಳ ಗಟ್ಟಿ ಮಾಡಿದ ಕೋಡ್ ಆದರೆ ನೂರಕ್ಕೆ 30ರಷ್ಟು ಪಾಲು ಕೆಟ್ಟರೂ ನಡೆಯುತ್ತೆ. ನಮ್ಮ ಪ್ಯಾಕ್‌ಹೌಸಿನಲ್ಲಿ ಒದ್ದೆ ಕೈಯಲ್ಲಿ ಮುಟ್ಟಿದರೂ ಓದುವುದು ಅದಕ್ಕೇ.

ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ‘ಬ್ಲಾಕ್‌ಚೈನ್ ಬಂದರೆ ಯಾರೂ ಮೋಸ ಮಾಡೋಕಾಗಲ್ಲ ಅಪ್ಪಾ’ ಅಂತಾನೆ. ನೀವೇನಂತೀರಿ?
— ರೈತರು, ಮಂಡ್ಯ ಜಿಲ್ಲೆ

ನಿಮ್ಮ ಮಗ ಅರ್ಧ ಸರಿ. ಬ್ಲಾಕ್‌ಚೈನ್ ಅಂದರೆ ಒಮ್ಮೆ ಬರೆದರೆ ಅಳಿಸಲಾಗದ, ನಾಲ್ಕಾರು ಕಡೆ ನಕಲಿರುವ ಲೆಕ್ಕದ ವಹಿ. ಆಮೇಲೆ ತಿದ್ದುವ ಮೋಸ ನಿಲ್ಲುತ್ತೆ. ಬರೆಯುವಾಗಲೇ ತಪ್ಪು ಬರೆದರೆ? ತೊಳೆಯದ ಟ್ಯಾಂಕಿನ ನನ್ನ ಡೈರಿಯನ್ನು ಅದರೊಳಗೆ ಹಾಕಿದ್ದರೂ ಆ ಔಷಧಿ ದ್ರಾಕ್ಷಿಯಲ್ಲೇ ಇರುತ್ತಿತ್ತು.

ವೇಗ ಬರುತ್ತೆ, ಅದು ನಿಜ. ಅಮೆರಿಕದಲ್ಲಿ ವಾಲ್‌ಮಾರ್ಟ್‌ನವರು ಒಂದು ಪ್ಯಾಕೆಟ್ ಮಾವಿನ ಹೋಳು ಹಿಡಿದು ಇದು ಯಾವ ತೋಟದ್ದು ಹುಡುಕಿ ಅಂದರೆ ಏಳು ದಿನ ಹತ್ತಿರ ಹಿಡಿದಿತ್ತು. ಹೊಸ ವ್ಯವಸ್ಥೆಯಲ್ಲಿ 2.2 ಸೆಕೆಂಡ್. ನಮ್ಮ ಕಾಫಿ ಬೋರ್ಡ್ ಕೂಡ 2019ರಲ್ಲಿ ಬ್ಲಾಕ್‌ಚೈನ್ ಮೇಲೆ ಒಂದು ಮಾರುಕಟ್ಟೆಯ ಪ್ರಯೋಗ ಶುರು ಮಾಡಿತ್ತು. ಹಬ್ಬಕ್ಕೆ ಮಗ ಊರಿಗೆ ಬಂದಾಗ ಆಲೆಮನೆಗೆ ಕರೆದುಕೊಂಡು ಹೋಗಿ. ಒಂದು ಕೊಪ್ಪರಿಗೆಗೆ ಎಷ್ಟು ಜನರ ಕಬ್ಬು ಬೀಳುತ್ತೆ, ಆಮೇಲೆ ಅಚ್ಚಿಗೆ ಯಾವ ನಂಬರ್ ಹಾಕಬೇಕು ಅಂತ ಅವನನ್ನೇ ಕೇಳಿ.

ನಮ್ಮದು ರೈತ ಉತ್ಪಾದಕರ ಕಂಪನಿ. ಡಬ್ಬಿ, ಕಡ್ಡಿ ಎರಡೂ ಬ್ಯಾಡಗಿ ಮೆಣಸಿನಕಾಯಿ ಬೆಳೆಯುತ್ತೇವೆ. ಖಾರದಪುಡಿ ಮಾಡಿ ಕೋಡ್ ಹಾಕಿ ಮಾರಬೇಕು ಅಂತ ಆಸೆ. ಒಬ್ಬರು ಬಂದು ಸಾಫ್ಟ್‌ವೇರಿಗೆ ಎರಡು ಲಕ್ಷ ಆಗುತ್ತೆ ಅಂದರು. ಎಲ್ಲಿಂದ ಶುರು ಮಾಡೋದು?
— ನಿರ್ದೇಶಕರೊಬ್ಬರು, ಹಾವೇರಿ ಜಿಲ್ಲೆ

ಎರಡು ಲಕ್ಷ ಸದ್ಯ ಪೆಟ್ಟಿಗೆಯಲ್ಲೇ ಇರಲಿ. ಮೊದಲು ಬಣ್ಣದ ದಾರ ತನ್ನಿ.

ಸುಮ್ನೆ ಹೇಳುತ್ತಿಲ್ಲ. ಚೀಲದ ಬಾಯಿ ಹೊಲಿಯುವ ದಾರ ಒಂದೊಂದು ಊರಿಗೆ ಒಂದೊಂದು ಬಣ್ಣ ಇರಲಿ. ಚೀಟಿ ಹರಿದರೂ, ಶಾಯಿ ಅಳಿಸಿದರೂ ದಾರ ಉಳಿಯುತ್ತೆ. ಕೋಲ್ಡ್ ಸ್ಟೋರೇಜಿನಲ್ಲಿ ಚೀಲದ ಮೇಲೆ ಚೀಲ ಒಟ್ಟಿದಾಗ ಹುಡುಗರು ದೂರದಿಂದಲೇ ‘ಕೆಂಪು ದಾರದ್ದು ತೆಗಿ’ ಅನ್ನಬಹುದು. ನಮ್ಮ ಒಣದ್ರಾಕ್ಷಿ ಶೆಡ್ಡಿನಲ್ಲಿ ಹೀಗೇ ಮಾಡುತ್ತೇವೆ, ಅಲ್ಲಿ ದಾರದ ಬದಲು ಹಳೆಯ ಸೀರೆಯ ಚಿಂದಿ.

ಲಾಟ್ ನಿಮಗೆ ಹೊಸದಲ್ಲ. ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ನಿಮ್ಮ ಚೀಲಗಳಿಗೆ ಲಾಟ್ ನಂಬರ್ ಬಿದ್ದು, ಟೆಂಡರ್ ಆ ನಂಬರಿಗೇ ಆಗುತ್ತೆ. ಟೆಂಡರ್ ಮುಗಿದ ಮೇಲೆ ಕೊಂಡವರು ಹತ್ತು ಲಾಟ್ ಒಂದೇ ಕಡೆ ಸುರಿಯುತ್ತಾರೆ, ನಿಮ್ಮ ನಂಬರು ಅಲ್ಲಿಗೆ ಸತ್ತಿತು. ನೀವು ಮಾಡಬೇಕಾದದ್ದು ಅದನ್ನು ಪುಡಿಯ ಪೊಟ್ಟಣದವರೆಗೂ ಬದುಕಿಸುವುದು. ಹನ್ನೆರಡು ಜನ ರೈತರಿಂದ ಶುರು ಮಾಡಿ. ಬಿಡಿಸಿದ ದಿನ, ಒಣಹಾಕಿದ್ದು ನೆಲದ ಮೇಲೋ ತಾಡಪತ್ರಿಯ ಮೇಲೋ, ಮಳೆ ಹನಿ ಬಿದ್ದಿತ್ತೋ ಇಲ್ಲವೋ, ಇಷ್ಟು ಬರೆದಿಡಿ. ಮೆಣಸಿನಕಾಯಿಯಲ್ಲಿ ಬೂಷ್ಟಿನ ವಿಷ, ಅಫ್ಲಟಾಕ್ಸಿನ್, ಸೇರುವುದು ಹೆಚ್ಚಾಗಿ ಒಣಗಿಸುವಾಗಲೇ. ಬೀಸುವ ದಿನ ಒಂದೇ ಲಾಟ್ ಬೀಸಿ. ಮುಂದಿನ ಲಾಟಿಗೆ ಮುಂಚೆ ಗಿರಣಿ ಗುಡಿಸಿ. ಗುಡಿಸಿದ ಪುಡಿ ಎಲ್ಲಿ ಹಾಕಿದಿರಿ ಅಂತಲೂ ಬರೆಯಿರಿ. ನಗಬೇಡಿ, ಬೆರಕೆ ಶುರುವಾಗುವುದು ಆ ಗುಡಿಸಿದ ಪುಡಿಯಿಂದಲೇ.

ಇಷ್ಟು ಒಂದು ಹಂಗಾಮು ನಡೆದ ಮೇಲೆ ಕೋಡ್. ಅದನ್ನು ಮಾಡಲು ದುಡ್ಡು ಬೇಕಿಲ್ಲ. ಆದರೆ ಪುಕ್ಕಟೆ ವೆಬ್‌ಸೈಟಿನಲ್ಲಿ ಮಾಡುವಾಗ ನೋಡಿಕೊಳ್ಳಿ. ಕೆಲವು ಕಡೆ ಕೋಡ್ ಮೊದಲು ಅವರ ವಿಳಾಸಕ್ಕೆ ಹೋಗಿ, ಅಲ್ಲಿಂದ ನಿಮ್ಮ ಪುಟಕ್ಕೆ ಬರುತ್ತೆ. ಒಂದು ತಿಂಗಳಾದ ಮೇಲೆ ಚಂದಾ ಕಟ್ಟಿ ಅನ್ನುತ್ತಾರೆ. ಕಟ್ಟದಿದ್ದರೆ ಅಚ್ಚಾದ ಹತ್ತು ಸಾವಿರ ಪೊಟ್ಟಣದ ಕೋಡ್ ಕುರುಡಾಗುತ್ತೆ. ನಿಮ್ಮದೇ ವೆಬ್ ವಿಳಾಸ ಇಟ್ಟುಕೊಂಡು, ಕೋಡ್ ನೇರ ಅಲ್ಲಿಗೇ ಹೋಗುವ ಹಾಗೆ ಮಾಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಿಂದ ಭೌಗೋಳಿಕ ಗುರುತು ಇದೆ. ಆ ಗುರುತಿನ ಚಿಹ್ನೆ ಹಾಕಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು, ಅದನ್ನು ಮರೆಯಬೇಡಿ.

ಇಷ್ಟೆಲ್ಲ ಯಾಕೆ ಅಂತ ನಿಮ್ಮ ಸಭೆಯಲ್ಲಿ ಯಾರಾದರೂ ಕೇಳಿದರೆ 2005ರ ಬ್ರಿಟನ್ನಿನ ಕಥೆ ಹೇಳಿ. ಖಾರದಪುಡಿಗೆ ಸುಡಾನ್ 1 ಅನ್ನುವ, ಮೇಣ, ಬೂಟ್ ಪಾಲಿಶ್‌ಗೆ ಹಾಕುವ ಬಣ್ಣ ಬೆರೆತಿತ್ತು. ಪುಡಿ ಹೋಗಿದ್ದು ನಮ್ಮ ದೇಶದಿಂದ. ಅದು ಒಂದು ಸಾಸಿಗೆ ಸೇರಿ, ಆ ಸಾಸ್ ಬೇರೆ ಬೇರೆ ತಿಂಡಿಗೆ ಸೇರಿ, ಕೊನೆಗೆ ನಾನೂರಕ್ಕೂ ಹೆಚ್ಚು ಬಗೆಯ ತಿನಿಸನ್ನು ಅಂಗಡಿಗಳಿಂದ ವಾಪಸ್ ತೆಗೆಯಬೇಕಾಯಿತು.

ಅಕ್ಕಾವ್ರೇ, ಒಂದು ಮಾತು ಸಿಟ್ಟಿನಿಂದಲೇ ಕೇಳುತ್ತಿದ್ದೇನೆ. ಯುರೋಪಿನವರಿಗೆ ಡೈರಿ, ಲ್ಯಾಬು, ಕೋಡು. ನಾವು ಗಾಡಿಯ ಮೇಲೆ ಕೊಳ್ಳುವ ದ್ರಾಕ್ಷಿಗೆ ಏನಿದೆ? ನಿಮ್ಮ ಆ ಫೇಲಾದ ದ್ರಾಕ್ಷಿ ಎಲ್ಲಿಗೆ ಹೋಯಿತು?
— ಓದುಗರು, ವಿಜಯಪುರ

ನೀವು ನಮ್ಮ ಊರಿನವರೇ. ಆ ದ್ರಾಕ್ಷಿಯ ಮಾತು ಹಿಂದೆಯೇ ಯಾರೋ ನಿಮ್ಮ ಕಿವಿಗೆ ಹಾಕಿದ್ದಾರೆ ಅನ್ನಿಸುತ್ತೆ. ಹಾಗಾಗಿ ಮುಚ್ಚಿಟ್ಟು ಪ್ರಯೋಜನ ಇಲ್ಲ.

ಅರ್ಧ ಶೆಡ್ಡಿಗೆ ಹೋಗಿ ಒಣದ್ರಾಕ್ಷಿ ಆಯಿತು. ಉಳಿದದ್ದು ಲೋಕಲ್ ವ್ಯಾಪಾರಿ ತೆಗೆದುಕೊಂಡ. ಅದರ ಜೊತೆ ಯಾವ ನಂಬರೂ ಹೋಗಲಿಲ್ಲ. ನಮ್ಮ ದೇಶದಲ್ಲೂ ಔಷಧಿ ಉಳಿಕೆಗೆ ಮಿತಿ ಇದೆ, ಎಫ್‌ಎಸ್‌ಎಸ್‌ಎಐ ಗೊತ್ತುಮಾಡಿದ್ದು. ಆದರೆ ಪ್ಲಾಟಿಗೆ ಬಂದು ಗೊಂಚಲು ಕತ್ತರಿಸಿ ಸೀಲ್ ಹಾಕುವವರು ಲೋಕಲ್ ಮಾಲಿಗೆ ಬರಲ್ಲ. ನಾವು ತಿಂದೆವಾ? ತಿಂದೆವು. ಮಕ್ಕಳಿಗೂ ಕೊಟ್ಟೆವು, ಉಪ್ಪುನೀರಿನಲ್ಲಿ ತೊಳೆದು. ಆ ವರ್ಷ ನನಗೆ ರುಚಿ ಹತ್ತಲಿಲ್ಲ ಅಷ್ಟೇ. ನಿಮ್ಮ ಸಿಟ್ಟು ಸರಿಯಾಗಿಯೇ ಇದೆ.

ಎರಡು ವರ್ಷದಿಂದ ನಾನೊಂದು ಸಣ್ಣ ಕೆಲಸ ಮಾಡುತ್ತಿದ್ದೇನೆ. ಲೋಕಲ್ ಮಾಲಿನ ಪ್ರತಿ ಕ್ರೇಟಿನಲ್ಲೂ ಒಂದು ಚೀಟಿ ಇಡುತ್ತೇನೆ. ಕೊನೆಯ ಔಷಧಿ ಹೊಡೆದ ದಿನ, ಕಟಾವಿನ ದಿನ, ನಡುವೆ ಎಷ್ಟು ದಿನ, ನನ್ನ ಫೋನ್ ನಂಬರ್. ಕೋಡ್ ಗೀಡ್ ಏನಿಲ್ಲ, ಕನ್ನಡದಲ್ಲಿ, ಮಗಳ ದುಂಡು ಅಕ್ಷರದ ಜೆರಾಕ್ಸ್.

ಇಷ್ಟರವರೆಗೆ ಬಂದದ್ದು ಒಂದೇ ಫೋನು. ಹೋದ ಫೆಬ್ರುವರಿಯಲ್ಲಿ ರಾತ್ರಿ ಎಂಟೂವರೆಗೆ ಹುಬ್ಬಳ್ಳಿಯಿಂದ ಗಾಡಿ ಇಟ್ಟುಕೊಂಡವರೊಬ್ಬರು ಮಾಡಿದ್ದರು. “ಯಕ್ಕಾ, ಹಣ್ಣ ಚಲೋ ಅದಾವು. ಆದ್ರ ಇದ್ರಾಗ ತಾರೀಕ ಬರದ ಚೀಟಿ ಇಟ್ಟೀರಲ್ರಿ, ಗಿರಾಕಿ ಎಕ್ಸ್‌ಪೈರಿ ಡೇಟ್ ಅಂತ ತಿಳ್ಕೊಂಡ ಹೊಳ್ಳಿ ಹೊಂಟಾರ. ತಗದ್ ಒಗೀಲೇನ್ರಿ?”